ಬಕುಳದ ಬುಡದಲ್ಲಿ ಹಸಿರು ಬಳೆ

"ಏ, ನಿಂದರ್ರಿ! ಟೊಂಗಿ ಜಗ್ಗಬ್ಯಾಡ್ರಿ!"

ಹುಲಿಗೆಮ್ಮನ ಕೈ ಅಲ್ಲೇ ನಿಂತಿತು. ಮಡಗಾಂವ್ ಹತ್ತಿರದ, ಈಗ ಸ್ಮಾರಕವಾಗಿರುವ ಆ ಹಳೆಯ ಮನೆಯಲ್ಲಿ ಒಬ್ಬ ಕೊಂಕಣಿ ಕವಿ ಹುಟ್ಟಿ ಬೆಳೆದಿದ್ದರು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಅವರ ಕವಿತೆಯ ಬಕುಳದ ಮರ ನೋಡಲೆಂದೇ ಅವಳು ಬಂದಿದ್ದಳು. ಆದರೆ ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ!

ತೋಟದ ಮಾಲಿ ಯಮನೂರ ಓಡಿ ಬಂದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅವನ ಊರಿನ ಮಾತು. ನೆಲದ ಮೇಲಿನ ಹೂಗಳನ್ನು ಆರಿಸಿ ಅವಳ ಅಂಗೈಗೆ ಹಾಕಿದ.

"ಬಕುಳ ತಾನ ಉದುರಬೇಕ್ರಿ. ಬಿದ್ದ ಹೂ ಬೇಕಾದಷ್ಟು ಒಯ್ಯಿರಿ."

ಅಂದಿನಿಂದ ಭಾನುವಾರ ಬಂತೆಂದರೆ ಅವಳ ಕಾಲು ಮೋತಿ ಡೊಂಗರ್ ಗುಡ್ಡದ ತನ್ನ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕವಿ ಮಲಗಿದ ತೊಟ್ಟಿಲು, ಆಡಿದ ಜಗುಲಿ, ಎಲ್ಲವನ್ನೂ ನೋಡಿ ಮುಗಿದಿತ್ತು. ಯಮನೂರನ ನಗು ಮಾತ್ರ ನೋಡಿ ಮುಗಿಯುತ್ತಿರಲಿಲ್ಲ!

ಇಂದು ಭಾನುವಾರವಲ್ಲ. ಆದರೂ ಬಂದಳು. ಸಾವರ್ಡೆಯ ಗಂಡಿನ ಕಡೆಯವರಿಗೆ ಅಪ್ಪ ಸಂಜೆಯೇ ಮಾತು ಕೊಡುವವನಿದ್ದ. ಅದಕ್ಕೂ ಮೊದಲು ಯಮನೂರನ ಮನಸ್ಸು ತಿಳಿಯಬೇಕಿತ್ತು...

ಜಗುಲಿಯ ಮೇಲೆ ಅವನ ಬುಟ್ಟಿ ಇತ್ತು. ಅದರಲ್ಲಿ ಹಸಿರು ಬಳೆ, ಕುಪ್ಪಸದ ಖಣ, ಕಡುಬು, ಹೋಳಿಗೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಇವೆಲ್ಲ ಬಸುರಿಯ ಉಡಿ ತುಂಬುವ ಸಾಮಾನು! 'ಹಂಗಾದ್ರ... ಊರಾಗ ಇವಂಗ ಹೆಂಡ್ತಿ ಅದಾಳ?'

ಒಂದು ಮಾತು ಕೇಳಬಹುದಿತ್ತಲ್ಲ, ಹುಡುಗಿ! ಕೇಳಲಿಲ್ಲ.

ಯಮನೂರ ತಂಬಿಗೆಯಲ್ಲಿ ನೀರು ತಂದ. ಅವಳನ್ನು ಕಂಡದ್ದೇ ಮುಖ ಅರಳಿತು. "ಇವತ್ತ ಬಂದ್ರಿ? ಭಾಳ ಚಲೋ ಆತು! ನಿಮಗ ಒಂದು ಮಾತು..."

"ನನ್ನ ಮದುವಿ ನಿಕ್ಕಿ ಆತ್ರಿ. ಇನ್ನ ಬರಂಗಿಲ್ಲ."

ಅವನ ನಗು ಆರಿಹೋಯಿತು. "ಚಲೋ ಇರ್ರಿ..." ಎಂದಷ್ಟೇ ಅಂದ.

ಗೇಟಿನ ತನಕ ಹೋದವಳು ತಡೆಯಲಾರದೆ ತಿರುಗಿ ನೋಡಿದಳು. ಅವನು ಬಕುಳದ ಬುಡದಲ್ಲಿ ಪಾಂಡವರೆಂದು ಐದು ಕಲ್ಲು ಇಟ್ಟು, ಮಣ್ಣಿನ ಮೇಲೆ ಖಣ ಹಾಸಿ, ಹಸಿರು ಬಳೆ ಇಡುತ್ತಿದ್ದ. ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಯ್ಯೋ... ಸೀಗೆ ಹುಣ್ಣಿಮೆ! ಬೆಳೆ ಹೊತ್ತ ಭೂಮಿತಾಯಿಯ ಉಡಿ ತುಂಬುವ ದಿನ! ಅವ್ವ ಪ್ರತಿ ವರ್ಷ ಊರಿನ ಹೊಲ ನೆನೆದು ಹೇಳುತ್ತಿದ್ದಳು. ಗೋವಾದಲ್ಲೇ ಹುಟ್ಟಿ, ಆ ಹೊಲವನ್ನೇ ಕಾಣದ ಮಗಳು ಮರೆತೇ ಬಿಟ್ಟಿದ್ದಳು.

ಅವಳು ಓಡಿ ಬಂದಳು. "ಬುಟ್ಟಿ ನೋಡಿ... ನಿಮಗ ಬಸುರಿ ಹೆಂಡ್ತಿ ಅದಾಳಂತ ತಿಳ್ಕೊಂಡೆ."

"ನನಗ?" ಅವನು ಅಳುತ್ತಲೇ ನಕ್ಕ. "ಹೊಲಾನೂ ಇಲ್ಲ, ಹೆಂಡ್ತಿನೂ ಇಲ್ರಿ! ನಾ ಕೈಯಾಡಿಸೋ ಮಣ್ಣು ಇದೊಂದ. ಇದಕ್ಕ ಪೂಜಿ ಮಾಡಾಕತ್ತೇನಿ."

"ಮತ್ತ ಎಡಿ ಇನ್ನೂ ಬುಟ್ಟ್ಯಾಗ ಐತಿ? ಮಣ್ಣಿಗೆ ಚರಗ ಚೆಲ್ಲಂಗಿಲ್ಲೇನು?"

"ಎಡಿ ಚೆಲ್ಲಿಕೋತ ಒಬ್ರು ಮುಂದ ನಡೀಬೇಕು, ನೀರು ಹಾಕ್ಕೋತ ಒಬ್ರು ಹಿಂದ. ನಾ ಒಬ್ಬಾಂವ..." ಅವನು ತಲೆ ತಗ್ಗಿಸಿದ. "ಹಿಂದ ನೀವು ಬರ್ತೀರೇನಂತ ಕೇಳಾಂವ ಇದ್ದೆ. ಇವತ್ತಷ್ಟ ಅಲ್ಲ..."

ಅವಳ ಕಣ್ಣು ತುಂಬಿತು. ತಂಬಿಗೆ ಎತ್ತಿಕೊಂಡಳು.

"ನಿಮ್ಮ ಮದುವಿ?"

"ಸಿಟ್ಟಿಗೆ ಸುಳ್ಳ ಹೇಳಿದೆ. ಅಪ್ಪ ಇನ್ನೂ ಮಾತು ಕೊಟ್ಟಿಲ್ಲ. ಸಂಜೀಕ ನೀವ ಬಂದು ನನ್ನ ಕೇಳ್ರಿ."

"ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ ಅವನು ಮೊದಲ ಹಿಡಿ ಎಡೆ ಚೆಲ್ಲಿದ. ಅವಳು ನೀರು ಹಾಕುತ್ತ ಹಿಂದೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ಅವನು ತಿರುಗಿ ನೋಡುತ್ತಿದ್ದ, ಅವಳು ಇದ್ದಾಳೋ ಇಲ್ಲವೋ ಎಂಬಂತೆ.

"ಮುಂದ ನೋಡಿ ನಡೀರಿ," ಎಂದಳು ಹುಲಿಗೆಮ್ಮ. "ಹಿಂದ ನಾ ಅದೇನಿ."