ತಲೆ ಎತ್ತಿದ ಬಂಡೆ

"ರಸ್ತೆ ಸರ್ವೆಯವರಾ? ಅಂಗಿದ್ರೆ ಬಂದ ದಾರೀಲೇ ವಾಪಸ್ ಹೋಗಿ ಮೇಡಂ. ಈ ಹೊಲ ಕೊಡಕಿಲ್ಲ."

ಗಾವಡಗೆರೆಯ ಆಚೆ, ಬದುವಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಗುಡ್ಡದತ್ತ ಟ್ಯಾಬ್ ಹಿಡಿದಿದ್ದ ರೂಪಶ್ರೀ ಬೆಚ್ಚಿ ತಿರುಗಿದಳು. ಹೆಗಲ ಮೇಲೆ ಹೊಗೆಸೊಪ್ಪಿನ ಹೊರೆ ಹೊತ್ತವನು ಹುಬ್ಬು ಗಂಟಿಕ್ಕಿ ನಿಂತಿದ್ದ. ಹೊಲದ ಯಜಮಾನ ಶಶಿಕುಮಾರ. ಹುಬ್ಬಿಗೂ ಎಲೆಯ ಜಿಗುಟು ಅಂಟಿತ್ತು.

"ಸರ್ವೆ ಅಲ್ಲ ರೀ, ಚಿತ್ರ."

ಟ್ಯಾಬಿನಲ್ಲಿ ಒಂದು ಪೆನ್ಸಿಲ್ ಸ್ಕೆಚ್ ಇತ್ತು. ಮೈಸೂರಿನ ಒಬ್ಬ ನವ್ಯ ಚಿತ್ರಕಾರ ನಲವತ್ತು ವರ್ಷದ ಹಿಂದೆ ಇದೇ ಬದುವಿನಲ್ಲಿ ಕೂತು, ದೊಡ್ಡ ಪೇಂಟಿಂಗಿಗೆ ತಯಾರಿಯಾಗಿ ಗೀಚಿಕೊಂಡಿದ್ದು. ಆತ ಈಗಿಲ್ಲ. ಮುಂದಿನ ತಿಂಗಳು ಸ್ಕೆಚ್ಚು ಗ್ಯಾಲರಿಯ ಗೋಡೆಗೇರಲಿದೆ. ಅದರ ಅರ್ಥ ಬಿಡಿಸಿ ಬರೆಯುವುದು ರೂಪಶ್ರೀಯ ಮೊದಲ ಕೆಲಸ.

"ನಾಕು ಗೀಟಿಗೋಸ್ಕರ ಇಷ್ಟು ದೂರವಾ!" ಶಶಿ ನಕ್ಕುಬಿಟ್ಟ.

ಆ ನಗು ಅವಳ ಜೊತೆ ಹುಣಸೂರಿನ ಬಸ್ಸು ಹತ್ತಿತು. ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನದಕ್ಕೂ. ಗುಡ್ಡ ಸರಿಯಾಗಿ ನೋಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಗುಡ್ಡವೇನೂ ಬದಲಾಗಿರಲಿಲ್ಲ.

ಮೂರನೆಯ ಭಾನುವಾರ, ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ನೆರಳಲ್ಲಿ ಕೂತು ತನ್ನ ಬರಹ ಓದಿದಳು. "ಮೂಲೆಯಲ್ಲಿರುವ ಎರಡು ಒಂಟಿ ಬಂಡೆಗಳು, ಮನುಷ್ಯರೇ ಇಲ್ಲದ ನೆಲದ ಮೌನವನ್ನು ಸಾರುತ್ತವೆ."

ಶಶಿ ಟ್ಯಾಬಿನತ್ತ ಬಗ್ಗಿ ನೋಡಿದ. ಆಮೇಲೆ ಕೇಳಿದ: "ಆ ಬಂಡೆ ಎಲ್ಲಿ ಅವೆ? ತೋರ್ಸಿ."

ರೂಪಶ್ರೀ ತಲೆ ಎತ್ತಿ ನೋಡಿದಳು. ಗುಡ್ಡದವರೆಗೂ ಬರೀ ಕೆಂಪು ಮಣ್ಣಿನ ಹೊಲ.

"ನನ್ನ ತಾತನ ಕಾಲದಲ್ಲೂ ಇಲ್ಲಿ ಬಂಡೆ ಇರ್ಲಿಲ್ಲ. ಅವ್ವಾ, ಬಾರವ್ವ ಇಲ್ಲಿ!"

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ರೂಪಶ್ರೀ ಚಿತ್ರವನ್ನು ಹಿಗ್ಗಿಸಿದಳು. ರಬ್ಬರಿನಲ್ಲಿ ಉಜ್ಜಿದ ಜಾಗದಲ್ಲಿ ಉಳಿದ ಮಸುಕು ಗೆರೆಗಳು ನಿಚ್ಚಳವಾದವು. ಎರಡು ಬಂಡೆಗಳ ನಡುವೆ ಒಂದು ನೇರ ಗೀಟು, ಅದರ ಎರಡೂ ಬದಿಗೆ ಇಳಿಬಿದ್ದ ಪುಟ್ಟ ಪುಟ್ಟ ಗೀಟು. ಅವನ್ನು ಅವಳು ಮಳೆ ಎಂದು ಬರೆದಿದ್ದಳು.

ಎಲೆಯ ಕರಿ ಹಿಡಿದ ಬೆರಳನ್ನು ಸಾಕಮ್ಮ ಚಿತ್ರಕ್ಕೆ ತಾಗದಂತೆ ಹಿಡಿದರು. "ಇದು ಸೊಪ್ಪು ಕಟ್ಟೋ ಕಡ್ಡಿ ಕಣ್ ಮಗ. ಈ ಬಗ್ಗಿದ ಬೆನ್ನು ನಂದು. ಎದುರಿಗಿರೋರು ಇವನ ಅಪ್ಪ."

"ನೀನು ಬಂಡೆಯಂತೆ ಕಣವ್ವ," ಎಂದ ಶಶಿ. ದನಿಯಲ್ಲಿ ನಗುವಿರಲಿಲ್ಲ.

"ಮುಖಾನೇ ಬರೆದಿಲ್ಲ. ಹೇಗೆ ಗುರುತು ಹಿಡಿದ್ರಿ ಅಮ್ಮಾ?" ರೂಪಶ್ರೀ ಕೇಳಿದಳು.

"ಸೊಪ್ಪು ಕೊಡೋನು ಕಟ್ಟೋಳ ಕೈ ನೋಡ್ಬೇಕು. ತಲೆ ಎತ್ತಿದ್ನೋ, ಎಲೆ ತಪ್ತದೆ, ಗಂಟು ಜಾರ್ತದೆ. ಇಲ್ ನೋಡು, ತಲೆ ಎತ್ತವ್ರೆ. ಅಂಗೆ ನನ್ ಮುಖ ನೋಡ್ಕೊಂಡು ದಿನಾ ಬೈಸ್ಕೋತಿದ್ದೋರು ನಮ್ ಯಜಮಾನ್ರೊಬ್ರೇಯ." ಅರವತ್ತು ದಾಟಿದ ಕೆನ್ನೆ ಕೆಂಪಾಯಿತು. "ಹೋಗಿ ಆರು ವರ್ಷ ಆಯ್ತು. ಆ ವಯಸ್ಸಿನ ಒಂದು ಫೋಟೋನೂ ಇಲ್ಲ."

ರೂಪಶ್ರೀ ಮತ್ತೆ ನೋಡಿದಳು. ನಿಜ, ಆ ಕತ್ತನ್ನು ಎರಡು ಸಲ ಬರೆಯಲಾಗಿತ್ತು: ಮೊದಲು ಬಗ್ಗಿಸಿ, ಆಮೇಲೆ ಎತ್ತಿ. ಚಿತ್ರಕಾರ ಕಂಡಿದ್ದ. ಕಂಡೂ ಉಜ್ಜಿದ್ದ. ದುಡಿಯುವ ಬೆನ್ನುಗಳನ್ನು ಅಳಿಸಿ, ಉಳಿದದ್ದಕ್ಕೆ ನಿಸರ್ಗವೆಂದು ಹೆಸರಿಟ್ಟು, ಎಸಿ ಕೋಣೆಯ ಗೋಡೆಗೆ ನೇತುಹಾಕುವ ಜನ ಇವರು. ಕೊನೆಯ ಚೂರನ್ನು ಉಜ್ಜಲು ರಬ್ಬರು ಹಿಡಿದು ಹೊರಟವಳು ತಾನೇ. ನಾಚಿಕೆಯಿಂದ ಕಿವಿ ಸುಟ್ಟಿತು.

ಶಶಿಯ ಅಪ್ಪನ ಹೆಸರು ನಂಜುಂಡಸ್ವಾಮಿ ಎಂದು ಕೇಳಿಕೊಂಡು, ಅಲ್ಲಿಂದಲೇ ಪ್ರದರ್ಶನದ ಮುಖ್ಯಸ್ಥ ವೀರಭದ್ರಸ್ವಾಮಿಯವರಿಗೆ ಫೋನ್ ಮಾಡಿ, ಅವು ಬಂಡೆಗಳಲ್ಲ ಎಂದಳು.

"ಪ್ರದರ್ಶನದ ಹೆಸರೇ 'ನಿರ್ಜನ' ಅಂತ ಪ್ರಿಂಟಾಗಿದೆ ರೂಪಶ್ರೀ. ಬಂಡೆ ಅಂತಲೇ ಇರಲಿ. ನೋಡೋರಿಗೆ ಏನು ಗೊತ್ತಾಗುತ್ತೆ?"

"ಚಿತ್ರದೊಳಗೆ ಇರೋರಿಗೆ ಗೊತ್ತಾಗುತ್ತೆ ಸರ್."

"ಹಾಗಾದ್ರೆ ಬೇರೆಯವರ ಕೈಲಿ ಬರೆಸ್ತೀನಿ."

"ಬರೆಸಿ ಸರ್. ನಾನು ಬರೆದದ್ದು ಪತ್ರಿಕೆಗೆ ಹೋಗುತ್ತೆ. ಅದರಲ್ಲಿ ಸಾಕಮ್ಮ, ನಂಜುಂಡಸ್ವಾಮಿ ಅಂತ ಇಬ್ಬರ ಹೆಸರೂ ಇರುತ್ತೆ." ಫೋನಿಟ್ಟಳು.

"ಕೆಲ್ಸ ಹೋಯ್ತಾ?" ಶಶಿ ಮೆಲ್ಲಗೆ ಕೇಳಿದ.

"ಹೋಯ್ತು ಅನ್ಸುತ್ತೆ."

"ಬನ್ನಿ. ಒಂದು ಕಡ್ಡಿ ಕಟ್ಟಿ. ಮನ್ಸು ಹಗುರಾಯ್ತದೆ."

ಕಡ್ಡಿಯ ಈಚೆ ಅವಳು, ಆಚೆ ಅವನು. ಅವನು ಎಲೆ ಕೊಟ್ಟ. ಅವಳು ದಾರ ಸುತ್ತಿದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಬೆರಳು ತಾಗಿದಾಗಲೆಲ್ಲ ಇಬ್ಬರೂ ಎಲೆಯ ಜಿಗುಟನ್ನು ದೂರಿದರು.

"ಮುಂದಿನ್ ವಾರ ಬತ್ತೀರಾ?"

"ಯಾಕೆ ಬರಲಿ? ಬರಹ ಮುಗೀತು. ಬಂಡೆನೂ ಇಲ್ಲ."

"ನಾನಿವ್ನಿ."

ಎಲೆ ತಪ್ಪಿತು. ಗಂಟು ಜಾರಿತು. ರೂಪಶ್ರೀ ನೋಡಿದರೆ, ಅವನು ತಲೆ ಎತ್ತಿದ್ದ.

"ಲೋ ಶಶಿ, ಕೈ ನೋಡ್ಲಾ!" ಬ್ಯಾರನ್ನಿನ ಬಾಗಿಲಿನಿಂದ ಸಾಕಮ್ಮ ಗದರಿದರು.

ಅವನು ತಲೆ ತಗ್ಗಿಸಲಿಲ್ಲ. ರೂಪಶ್ರೀ ಜಾರಿದ ದಾರವನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು, ಅವಸರವಿಲ್ಲದೆ.

"ಜಾರಲಿ ಬಿಡಿ ಅಮ್ಮಾ," ಎಂದಳು. "ಮುಂದಿನ ವಾರಾನೂ ಕಟ್ಟೋಕೆ ಬರ್ತೀನಿ."