ಮೂವತ್ತೆರಡು ಬಿಟ್‌ನ ಅಕ್ಕ

ಒಂದೇ ತಿಂಗಳಲ್ಲಿ ಮೂರನೇ ಸಲ ಆ ಎಂಬ್ರಾಯ್ಡರಿ ಅಂಗಡಿಯಿಂದ ಫೋನ್ ಬಂದ ದಿನ ನಾನು ಇಸ್ತ್ರಿ ಮಾಡಿದ ಷರ್ಟ್ ಹಾಕಿಕೊಂಡೆ. ಕಂಪ್ಯೂಟರ್ ರಿಪೇರಿಗೆ ಹೋಗುವವಳಿಗೆ ಇಸ್ತ್ರಿ ಯಾಕೆ ಎಂದು ಅಮ್ಮ ಹುಬ್ಬೇರಿಸಿದಳು.

"ಗಿರಾಕಿ ಬಟ್ಟೆ ಕೆಲಸದವರಮ್ಮ, ನೋಡ್ತಾರೆ."

"ಬಟ್ಟೆ ನೋಡ್ತಾರಾ?"

ನಾನು ಕೇಳಿಸದವಳ ಹಾಗೆ ಬ್ಯಾಗ್ ಹೆಗಲಿಗೇರಿಸಿ ಹೊರಟೆ. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.

ಮೊದಲ ಸಲದ ತಪ್ಪು ನನ್ನದೇ ಎಂದು ಒಪ್ಪಿಬಿಡುತ್ತೇನೆ. ಕಂಪ್ಯೂಟರ್ ಆಮೆಯ ಹಾಗಾಗಿದೆ, ಮೆಮೊರಿ ಜಾಸ್ತಿ ಹಾಕಿಕೊಡಿ ಎಂದು ಕರೆದಿದ್ದರು. ಅದರಲ್ಲಿದ್ದದ್ದು ಮೂವತ್ತೆರಡು ಬಿಟ್‌ನ ಹಳೇ ಸಿಸ್ಟಮ್. ನಾಲ್ಕು ಜಿಬಿ ದಾಟಿದ ಮೆಮೊರಿಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಹಳೇ ಡಿಸ್ಕನ್ನು ಪೂರ್ತಿ ನನ್ನ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಮಾಡಿಕೊಂಡು, ಒಂದು ಮಾತೂ ಕೇಳದೆ ಅರವತ್ನಾಲ್ಕು ಬಿಟ್‌ನದು ಹಾಕಿಬಿಟ್ಟೆ. ನನ್ನ ಕೈ ಯಾವಾಗಲೂ ಬಾಯಿಗಿಂತ ಮುಂದೆ. ಕಂಪ್ಯೂಟರ್ ಕುದುರೆಯಾಯಿತು. ಆದರೆ ಮೂಲೆಯಲ್ಲಿದ್ದ ಹಸಿರು ಬಣ್ಣದ ಎಂಬ್ರಾಯ್ಡರಿ ಮಷೀನ್ ಸತ್ತ ಹಾಗೆ ಕೂತಿತು. ಅದನ್ನು ಮಾಡಿದ ಕಂಪನಿಯೇ ಈಗಿಲ್ಲ. ಅದರ ಜೊತೆ ಮಾತಾಡುವ ಡ್ರೈವರ್ ಇರುವುದು ಮೂವತ್ತೆರಡಕ್ಕೆ ಮಾತ್ರ.

ಅಂಗಡಿಯ ಮಾಲೀಕರು, ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು, ಆ ಮಷೀನಿನ ತಲೆಯ ಮೇಲೆ ಅಂಗೈ ಇಟ್ಟು ನಿಂತರು. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ಮುಖ ಸುಣ್ಣದ ಹಾಗಾಗಿತ್ತು.

"ಇದು ಅಕ್ಕನ ಮಷೀನ್," ಎಂದರು.

ಎರಡನೇ ಸಲ ಹೋಗಿ ಬ್ಯಾಕಪ್‌ನಿಂದ ಮೂವತ್ತೆರಡನ್ನೇ ವಾಪಸ್ ಹಾಕಿಕೊಟ್ಟೆ. ಹಸಿರು ಮಷೀನ್ ಗುರ್ ಎಂದಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿದ ಬೆರಳು, ಡಯಲ್ ಒಳಮುಖವಾಗಿ ಕಟ್ಟಿದ ವಾಚು, ಮತ್ತೆ ಬೆರಳು. ಯಾರಾದರೂ ಹಾಗೆ ನೋಡಿದರೆ ಏನನಿಸಬೇಕೋ ನನಗೆ ಅದೇ ಅನಿಸಿತು. ಒಂದು ಸ್ಕ್ರೂ ಬೇಕೆಂದೇ ಕೆಳಗೆ ಬೀಳಿಸಿದೆ. ಅವರು ಬಗ್ಗಿ ಎತ್ತಿಕೊಟ್ಟರು.

ಮೂರನೇ ಸಲದ ತಕರಾರು, ಆಸ್ಪತ್ರೆಯವರ ಕೋಟಿಗೆ ಹಾಕುವ ಡಿಸೈನ್ ಫೈಲು ತೆರೆಯುತ್ತಿಲ್ಲ ಎಂಬುದು. ಅದನ್ನು ತೆರೆಯುವ ಹೊಸ ಸಾಫ್ಟ್‌ವೇರ್ ಅರವತ್ನಾಲ್ಕರ ಮೇಲೆ ಮಾತ್ರ ಓಡುತ್ತದೆ. ಅದರ ಜೊತೆಗೆ ಬಂದ ಹೊಸ ಮಷೀನ್ ರಟ್ಟಿನ ಪೆಟ್ಟಿಗೆಯಲ್ಲೇ ಕೂತಿತ್ತು.

"ಹಾಗಾದ್ರೆ ಅರವತ್ನಾಲ್ಕು ಹಾಕ್ಲಾ?"

"ಹಾಕಿ. ಬೇಡ, ತಾಳಿ." ಅವರು ಕುತ್ತಿಗೆ ತುರಿಸಿಕೊಂಡರು. "ಎರಡೂ ಬೇಕು ಅಂದ್ರೆ ಬೈತೀರಾ?"

"ಬೈತೀನಿ. ಆದ್ರೂ ಹಾಕಿಕೊಡ್ತೀನಿ."

ಬಾಗಿಲ ಬಳಿ ಗುಂಡಿ ಹೊಲಿಯುತ್ತಿದ್ದ ಅವರ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಇವನದ್ದು ಹುಟ್ಟಿದಾಗಿಂದ ಇದೇ ರಾಗ ಕಣಮ್ಮ. ಅದೂ ಬೇಕು, ಇದೂ ಬೇಕು."

ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ಮೂವತ್ತೆರಡನ್ನು ಹಾಗೇ ಉಳಿಸಿ, ಇನ್ನೊಂದರಲ್ಲಿ ಅರವತ್ನಾಲ್ಕು ಹಾಕಿದೆ. ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಬೇಕಾದ್ದರ ಮೇಲೆ ಬಿಳಿ ಪಟ್ಟಿ ಸರಿಸಿ ಎಂಟರ್ ಒತ್ತಬೇಕು. ಸುಮ್ಮನಿದ್ದರೆ ಮೂವತ್ತು ಸೆಕೆಂಡಿಗೆ ಪಟ್ಟಿ ಎಲ್ಲಿದೆಯೋ ಅದೇ ತೆರೆಯುತ್ತದೆ. ಪಟ್ಟಿ ಮೊದಲಿಗೆ ಅರವತ್ನಾಲ್ಕರ ಮೇಲೆ ಇರುವ ಹಾಗೆ ಇಟ್ಟೆ.

"ಒಂದು ಓಡ್ತಿದ್ದಾಗ ಇನ್ನೊಂದು ಓಡಲ್ಲ," ಎಂದೆ. "ದಿನಾ ನೀವೇ ಆರಿಸ್ಕೋಬೇಕು."

"ಆರಿಸೋದೇ ನನಗೆ ಬರಲ್ಲ ಮೇಡಂ."

ಅದನ್ನು ಹೇಳುವಾಗ ಅವರು ಪರದೆ ನೋಡಲಿಲ್ಲ. ನನ್ನ ಕಿವಿಯ ಹಿಂದೆ ಸಿಕ್ಕಿಕೊಳ್ಳದ ಒಂದು ಕೂದಲೆಳೆಯನ್ನು ನೋಡುತ್ತಿದ್ದರು. ನನ್ನ ಕೆನ್ನೆ ಬೆಚ್ಚಗಾಯಿತು.

ಆಮೇಲೆ ಕರೆಯದೆಯೇ ಒಂದು ಮಧ್ಯಾಹ್ನ ಹೋದೆ. ಹೇಗೆ ಓಡ್ತಿದೆ ನೋಡೋಣ ಅಂತ ಬಂದೆ ಎಂಬ ನೆಪ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಹೊರಗೆ ಹೋಗಿದ್ದರು. ನಾಲ್ಕು ಗಂಟೆಯ ಬಿಸಿಲು ಕಿಟಕಿಯಿಂದ ನೂಲಿನ ಉಂಡೆಗಳ ಮೇಲೆ ಬಿದ್ದಿತ್ತು. ಒಳಕೋಣೆಯಲ್ಲಿ ಹಸಿರು ಮಷೀನ್ ಓಡುತ್ತಿತ್ತು.

"ಒಳಗೆ ಯಾರಿದ್ದಾರೆ ಚಿಕ್ಕಮ್ಮ?"

ಅವರು ದಾರ ಕಚ್ಚಿ ತುಂಡು ಮಾಡಿದರು. "ಇವನ ಅಕ್ಕ. ನಾಲ್ಕಕ್ಕೆ ಕೂರ್ತಾಳಲ್ಲ. ಈಗ ಮಾತಾಡಿಸಬೇಡ, ಸಿಡುಕ್ತಾಳೆ."

ನಾನು ಒಳಗೆ ಹೋದೆ. ಕುರ್ಚಿ ಖಾಲಿ. ಪರದೆಯಲ್ಲಿ ಅಕ್ಕನ ಹಳೇ ಸಾಫ್ಟ್‌ವೇರ್ ತೆರೆದಿತ್ತು, ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಮಷೀನಿನ ಸೂಜಿ ಮಾತ್ರ ಟಕಟಕ ಇಳಿದು ಏರಿ ಬಿಳಿ ಬಟ್ಟೆಯಲ್ಲಿ ಏನೋ ಬಿಡಿಸುತ್ತಿತ್ತು. ಯಾವುದೋ ಹಳೇ ಕೆಲಸ ಸಿಕ್ಕಿಕೊಂಡಿರಬೇಕು ಎಂದುಕೊಂಡು ಹುಡುಕಿದೆ. ಏನೂ ಇಲ್ಲ. ಕೇಬಲ್ ಕಿತ್ತೆ. ಸೂಜಿ ನಿಂತಿತು. ಮತ್ತೆ ಸಿಕ್ಕಿಸಿದೆ. ಬಿಟ್ಟಲ್ಲಿಂದಲೇ ಶುರುವಾಯಿತು, ಸ್ವಲ್ಪ ಜೋರಾಗಿ. ಮತ್ತೆ ಕೇಬಲ್‌ಗೆ ಕೈ ಹಾಕಿದೆ.

"ಅದನ್ನ ಕೀಳಬೇಡಿ," ಎಂದರು ಹಿಂದಿನಿಂದ. ಅವರು ಬಾಗಿಲಲ್ಲಿದ್ದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನಿಮ್ಮಕ್ಕ ಎಲ್ಲಿ?"

"ಹೋದ ವರ್ಷ ತೀರಿಕೊಂಡಳು. ಚಿಕ್ಕಮ್ಮನಿಗೆ ಹೇಳಿದ್ದೀವಿ. ಅವರಿಗೆ ನೆನಪು ನಿಲ್ಲಲ್ಲ."

ಅವರು ಬೀರುವಿನಿಂದ ಬಟ್ಟೆಗಳ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಹರಡಿದರು. ಪ್ರತಿಯೊಂದರ ಅಂಚಿನಲ್ಲಿ ಪೆನ್ನಿನಿಂದ ತಾರೀಕು ಬರೆದಿತ್ತು. ಮೊದಲನೆಯದರಲ್ಲಿ ಒಂದು ಮಣಿಕಟ್ಟು, ಒಳಮುಖವಾಗಿ ಕಟ್ಟಿದ ವಾಚು. ಎರಡನೆಯದರಲ್ಲಿ ಸ್ಕ್ರೂಡ್ರೈವರ್ ಹಿಡಿದ ಬೆರಳು, ಹೆಬ್ಬೆರಳ ಮೇಲೆ ನನ್ನ ಹಳೇ ಗಾಯದ ಕಲೆ. ಕಿವಿ, ಕಿವಿಯ ಹಿಂದಿನ ಕೂದಲು. ಕತ್ತಿನ ಹಿಂಭಾಗದಲ್ಲಿ ಒಂದು ಮಚ್ಚೆ. ಅಲ್ಲಿ ಮಚ್ಚೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮೊದಲ ಬಟ್ಟೆಯ ತಾರೀಕು, ನಾನು ಆ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೆ ಹನ್ನೊಂದು ದಿನ ಮೊದಲಿನದು.

"ನೀವು ಬಂದ ದಿನ ವಾಚ್ ನೋಡಿ ಗುರುತು ಹಿಡಿದೆ," ಎಂದರು ಮೆಲ್ಲಗೆ. "ಇವರೇ ಅಂತ ಅಕ್ಕ ತೋರಿಸ್ತಿದ್ದಾಳೆ ಅನ್ಕೊಂಡೆ."

ಹೆದರಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು. "ಅಂದ್ರೆ ಇಷ್ಟು ದಿನ ನೀವು ನೋಡ್ತಿದ್ದದ್ದು ನನ್ನನ್ನಲ್ಲ. ನಾನು ಈ ಬಟ್ಟೆಗೆ ತಾಳೆ ಆಗ್ತೀನಾ ಅಂತ ನೋಡ್ತಿದ್ರಿ!"

"ಹಾಗಲ್ಲ..."

"ಹಾಗೇ. ನಿಮ್ಮಕ್ಕ ಇನ್ನೊಬ್ಬಳ ಕತ್ತು ಹೊಲಿದಿದ್ದರೆ ಅವಳನ್ನೇ ಮೂರು ಸಲ ಕರೆಸ್ತಿದ್ರಿ."

ಅವರು ಇಲ್ಲ ಎನ್ನಲು ಒಂದು ಕ್ಷಣ ತಡ ಮಾಡಿದರು. ಆ ಒಂದು ಕ್ಷಣವೇ ನನಗೆ ಸಾಕಾಯಿತು. ಬೀದಿಯ ತುದಿಯವರೆಗೂ ಕಣ್ಣೊರೆಸಿಕೊಳ್ಳುತ್ತಾ ನಡೆದೆ. ಯಾವುದನ್ನು ಪ್ರೀತಿ ಎಂದುಕೊಂಡು ನಾನು ಇಸ್ತ್ರಿ ಷರ್ಟ್ ಹಾಕಿಕೊಂಡು ಹೋಗಿದ್ದೆನೋ ಅದು ಯಾರದೋ ಸತ್ತ ಅಕ್ಕನ ಆಯ್ಕೆಯಾಗಿತ್ತು.

ಆರು ದಿನ ಫೋನ್ ಎತ್ತಲಿಲ್ಲ. ಏಳನೆಯ ದಿನ ಮಧ್ಯಾಹ್ನ ಅವರೇ ಮನೆ ಬಾಗಿಲಿಗೆ ಬಂದರು. ಅಮ್ಮ ಒಳಗೆ ಕರೆದರೂ ಹೊಸಿಲು ದಾಟಲಿಲ್ಲ. ಗಡ್ಡ ಬೆಳೆದಿತ್ತು.

"ಒಂದು ವಿಷಯ ನಿಮಗೆ ಹೇಳಿರಲಿಲ್ಲ," ಎಂದರು. "ಅಕ್ಕ ಕೊನೆಗೆ ಹೊಲಿದದ್ದು ತನ್ನದೇ ಮುಖ. ಸುಮ್ಮನೆ, ಆಟಕ್ಕೆ. ಮುಗಿಸಿದ ಮರುದಿನ ಜ್ವರ ಬಂತು. ಮೂರನೇ ದಿನ ಇರಲಿಲ್ಲ."

ಅಮ್ಮನಿಗೆ ಕೇಳಿಸದ ಹಾಗೆ ನಾನು ಬಾಗಿಲೆಳೆದುಕೊಂಡು ಹೊರಗೆ ಬಂದೆ.

"ನಾಲ್ಕು ದಿನದಿಂದ ಮಷೀನ್ ನಿಮ್ಮ ಮುಖ ಹೊಲೀತಿದೆ. ಹಣೆ, ಹುಬ್ಬು, ಕಣ್ಣು ಆಯ್ತು. ನಾನು ಬೆಳಿಗ್ಗೆ ಆರಿಸೋದು ಅರವತ್ನಾಲ್ಕು, ನಾಲ್ಕು ಗಂಟೆಗೆ ತಾನೇ ರೀಸ್ಟಾರ್ಟ್ ಆಗಿ ಮೂವತ್ತೆರಡಕ್ಕೆ ಹೋಗುತ್ತೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ್ರೂ ಬಿಟ್ಟಲ್ಲಿಂದಲೇ ಶುರು ಮಾಡುತ್ತೆ. ಅಕ್ಕ ನಿಮ್ಮನ್ನ ನನಗೆ ತೋರಿಸ್ತಿದ್ದಾಳೋ, ತನ್ನ ಜೊತೆಗೆ ಕರೀತಿದ್ದಾಳೋ, ನನಗೆ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ಕಾಯೋಕೆ ನನಗಾಗಲ್ಲ. ಅಳಿಸಿಬಿಡಿ."

"ಅಳಿಸಿದ್ರೆ ಅಕ್ಕನ ಡಿಸೈನ್ ಒಂದೂ ಉಳಿಯಲ್ಲ. ಮಷೀನ್ ಮತ್ತೆ ಓಡಲ್ಲ."

"ಗೊತ್ತು."

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾವು ಹೆಚ್ಚುಕಡಿಮೆ ಓಡಿದೆವು.

ಅಂಗಡಿ ತಲುಪುವಷ್ಟರಲ್ಲಿ ಸೂಜಿ ಶುರು ಮಾಡಿತ್ತು. ನಾನು ಆ ಬಟ್ಟೆ ನೋಡಬಾರದು ಎಂದುಕೊಂಡಿದ್ದೆ, ನೋಡಿಬಿಟ್ಟೆ. ಕನ್ನಡಿಯಲ್ಲೂ ನಾನು ಅಷ್ಟು ನಾನಾಗಿ ಕಂಡಿಲ್ಲ. ಮೂಗು ಮುಗಿದು ಸೂಜಿ ತುಟಿಯ ಅಂಚಿಗೆ ಬಂದಿತ್ತು. ಬಿಸಿಲಿದ್ದರೂ ಕೋಣೆ ತಣ್ಣಗಿತ್ತು.

ನಾನು ಕಂಪ್ಯೂಟರಿನ ಬಟನ್ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು, ಸೂಜಿ ನಿಂತಿತು. ಮತ್ತೆ ಆನ್ ಮಾಡಿದೆ. ಓಡುತ್ತಿರುವ ಸಿಸ್ಟಮನ್ನು ಅದರೊಳಗಿಂದಲೇ ಅಳಿಸಲಾಗುವುದಿಲ್ಲ, ಅರವತ್ನಾಲ್ಕಕ್ಕೆ ಹೋಗಿಯೇ ಮೂವತ್ತೆರಡನ್ನು ಅಳಿಸಬೇಕು. ಎರಡು ಸಾಲು ಬಂದವು. ಮೂವತ್ತು, ಇಪ್ಪತ್ತೊಂಬತ್ತು. ನಾನು ಎಂಟರ್ ಒತ್ತುವ ಮೊದಲೇ ಬಿಳಿ ಪಟ್ಟಿ ತಾನಾಗಿ ಕೆಳಗಿಳಿದು ಮೂವತ್ತೆರಡರ ಮೇಲೆ ಕೂತಿತು.

ನನ್ನ ಕೈ ಕೀಬೋರ್ಡಿನಿಂದ ಹಿಂದೆ ಬಂತು. ಅವರು ಮುಂದೆ ಬಂದು ಪಟ್ಟಿಯನ್ನು ಮೇಲೆ ಸರಿಸಿದರು. ಅದು ಇಳಿಯಿತು. ಮತ್ತೆ ಸರಿಸಿದರು. ಮತ್ತೆ ಇಳಿಯಿತು. ಟಿವಿ ರಿಮೋಟಿಗೆ ಜಗಳವಾಡುವ ಅಕ್ಕ ತಮ್ಮಂದಿರ ಹಾಗಿತ್ತು, ನಗು ಬರಬೇಕಾದ ದೃಶ್ಯ. ಅವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಹನ್ನೆರಡು. ಹನ್ನೊಂದು.

ಅವರು ಕೀಬೋರ್ಡಿನಿಂದ ಕೈ ತೆಗೆದರು.

"ಅಕ್ಕಾ," ಎಂದರು. "ನೀನು ತೋರಿಸ್ಲಿಲ್ಲ ಅಂದಿದ್ರೆ ಇವರನ್ನ ನೋಡ್ತಿದ್ನೋ ಇಲ್ವೋ, ನನಗೂ ಗೊತ್ತಿಲ್ಲ. ಆದ್ರೆ ಆರು ದಿನ ಇವರು ಬರಲಿಲ್ಲ. ಮಷೀನ್ ಮುಂದೆ ಕೂತು ಈ ಬಟ್ಟೆ ನೋಡ್ದೆ. ಇದರಲ್ಲಿ ಎಲ್ಲಾ ಇದೆ, ಇವರು ಬೈಯೋದು ಮಾತ್ರ ಇಲ್ಲ. ನನಗೆ ಬೈಯೋರು ಬೇಕು. ಇವರನ್ನ ಬಿಡು ಅಕ್ಕಾ. ನಿನ್ನ ದಮ್ಮಯ್ಯ."

ಐದು. ನಾಲ್ಕು.

ಬಿಳಿ ಪಟ್ಟಿ ಮೆಲ್ಲಗೆ ಮೇಲೇರಿತು. ಯಾರ ಕೈಯೂ ಕೀಬೋರ್ಡಿನ ಮೇಲಿರಲಿಲ್ಲ. ಅರವತ್ನಾಲ್ಕು ತೆರೆದುಕೊಂಡಿತು.

ಅವಳು ತಮ್ಮನ ಮಾತು ಕೇಳಿದ್ದಳು. ಅದೇ ನನ್ನನ್ನು ಅಲುಗಾಡಿಸಿತು. ಅಲ್ಲಿಯವರೆಗೆ ಅದು ಭೂತವಾಗಿತ್ತು, ಆ ಗಳಿಗೆಯಿಂದ ಅದು ಒಬ್ಬ ಹೆಣ್ಣುಮಗಳು. ಅಳಿಸುವ ಆ ಕೊನೆಯ ಪ್ರಶ್ನೆಯನ್ನು ಪರದೆಯ ಮೇಲೆ ತಂದೆ. "ಈಗಲೂ ಬೇಡ ಅನ್ನಬಹುದು," ಎಂದೆ. "ಬರೀ ಡಿಸೈನ್ ಬೇಕಾದ್ರೆ ಪೆನ್‌ಡ್ರೈವ್‌ಗೆ ತೆಗೆದುಕೊಡ್ತೀನಿ."

ಅವರು ಆ ಮಷೀನಿನ ತಲೆಯ ಮೇಲೆ ಮತ್ತೊಮ್ಮೆ ಅಂಗೈ ಇಟ್ಟರು. "ಅರ್ಧಂಬರ್ಧ ಕಳಿಸೋದು ಬೇಡ," ಎಂದು ಎಂಟರ್ ಒತ್ತಿದರು. ನನ್ನ ಬ್ಯಾಗಿನಲ್ಲಿದ್ದ ಬ್ಯಾಕಪ್ಪನ್ನೂ ಅವರೆದುರೇ ಅಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ನನಗೆ ಗೆದ್ದ ಖುಷಿಯಾಗಲಿಲ್ಲ. ಯಾರದೋ ಮನೆಯನ್ನು ಅವರು ನೋಡುತ್ತಿರುವಾಗಲೇ ಖಾಲಿ ಮಾಡಿಸಿದ ಹಾಗಿತ್ತು. ಹೊರಗೆ ಚಿಕ್ಕಮ್ಮ ಸೂಜಿ ಕೆಳಗಿಟ್ಟು ಕೇಳಿದರು, "ಅವಳು ಎದ್ದು ಹೋದ್ಲಾ?"

"ಹೋದ್ಲು ಚಿಕ್ಕಮ್ಮ," ಎಂದರು ಅವರು.

"ಹೇಳಿ ಹೋಗಬಾರದಾ..." ಎಂದು ಗೊಣಗಿ ಚಿಕ್ಕಮ್ಮ ಮತ್ತೊಂದು ಗುಂಡಿ ಎತ್ತಿಕೊಂಡರು. ನಾವಿಬ್ಬರೂ ಅತ್ತೆವು.

ನಾನು ವೈರುಗಳನ್ನು ಸುತ್ತಿ ಬ್ಯಾಗಿಗೆ ಹಾಕುತ್ತಿದ್ದಾಗ ಅವರು ಎದುರಿಗೆ ಬಂದು ನಿಂತರು. ಈ ಸಲ ನೋಟ ಕೈಗೂ ಹೋಗಲಿಲ್ಲ, ಕಿವಿಗೂ ಹೋಗಲಿಲ್ಲ. ನೇರ ನನ್ನ ಕಣ್ಣಿಗೆ ಬಂತು, ಸ್ವಲ್ಪ ಹೆದರಿ, ಅಲ್ಲೇ ನಿಂತಿತು. ಇನ್ನು ಅವರಿಗೆ ತೋರಿಸಿಕೊಡುವವರು ಯಾರೂ ಇರಲಿಲ್ಲ.

"ನಾಳೆ ಬರ್ತೀರಾ?"

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಹಾಗಾದ್ರೆ ಬರ್ತೀನಿ," ಎಂದೆ.