ಮೂವತ್ತೆಂಟು ಬಹಿರ್ಮುಖಿಯರು

ನನ್ನನ್ನು ಎದುರಿಗೆ ಕೂರಿಸಿಕೊಂಡು ರೇವಣಸಿದ್ದಯ್ಯನವರು ಆಡಿದ ಮೊದಲ ಮಾತು, "ನೀವು ಬಹಿರ್ಮುಖಿ."

ನನಗೆ ಮೈಯೆಲ್ಲ ಉರಿದುಹೋಯಿತು. ಬಹಿರ್ಮುಖಿ ಎಂದರೆ ಹೊರಗೆ ಮುಖ ಹಾಕಿದವಳು, ಅಂದರೆ ಬೀದಿ ಬಾಗಿಲಲ್ಲಿ ನಿಂತು ಹೋಗಿಬರುವವರನ್ನು ನೋಡುವವಳು. ಎಸ್.ಎಸ್.ಎಲ್.ಸಿ. ಪಾಸಾದವಳಿಗೆ ಅಷ್ಟು ಕನ್ನಡ ಬರುತ್ತದೆ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಸಾರ್. ನಾನು ತಲೆ ತಗ್ಗಿಸ್ಕೊಂಡು ಬಂದು, ತಲೆ ತಗ್ಗಿಸ್ಕೊಂಡು ಹೋಗೋಳು."

"ಅದು ಬೈಗುಳ ಅಲ್ಲ. ಮನಶ್ಶಾಸ್ತ್ರದ ಮಾತು."

"ಶಾಸ್ತ್ರದಲ್ಲಿ ಬೈದ್ರೆ ಬೈಗುಳ ಅಲ್ವಾ?"

ಅದು ಐವತ್ತೇಳನೆಯ ಇಸವಿ. ಮಾಗಡಿ ರಸ್ತೆಯ ಒಂದು ರೇಡಿಯೋ ಕಾರ್ಖಾನೆಯಲ್ಲಿ ನಾವು ನಲವತ್ತು ಹೆಂಗಸರು ಎಂಟು ತಿಂಗಳಿಂದ ಹಂಗಾಮಿಯಾಗಿ ಕಾಯಿಲ್ ಸುತ್ತುತ್ತಿದ್ದೆವು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಒಂದು ಸುತ್ತು ತಪ್ಪಿದರೂ ರೇಡಿಯೋ ಹಾಡುವುದಿಲ್ಲ. ನಮ್ಮನ್ನು ಖಾಯಂ ಮಾಡುವ ಮೊದಲು ಸ್ವಭಾವ ಪರೀಕ್ಷೆ ಆಗಬೇಕೆಂದು ಮ್ಯಾನೇಜರ್ ಚಕ್ರಪಾಣಿಯವರ ತಲೆಗೆ ಯಾರೋ ತುಂಬಿದ್ದರು. ಅದಕ್ಕೆಂದೇ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ಈ ಮಹಾನುಭಾವರನ್ನು ತಂದು ಕೂರಿಸಿದ್ದರು. ಹಿಂದಿನ ದಿನ ಅವರು ನಮಗೆಲ್ಲ ಪ್ರಶ್ನೆಗಳ ಹಾಳೆ ಹಂಚಿ ಉತ್ತರ ಬರೆಸಿಕೊಂಡಿದ್ದರು.

ನನಗೆ ಆ ಕೆಲಸ ಬೇಕೇಬೇಕಾಗಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಅವ್ವ ಹನ್ನೊಂದು ವರ್ಷ ತಿಪಟೂರಿನ ಸೋದರಮಾವನ ಮನೆಯ ಒಲೆ ಊದಿದಳು. ಎಲ್ಲರಿಗೂ ಬಡಿಸಿ, ಉಳಿದರೆ ಉಂಡಳು. ನಾನು ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆಯ ಮನೆ ಹಿಡಿದು ಅವಳನ್ನು ಕರೆತಂದಿದ್ದೆ. ಕೆಲಸ ಹೋದರೆ ಅವಳು ಮತ್ತೆ ಆ ಒಲೆಯ ಮುಂದಕ್ಕೇ ಹೋಗಬೇಕಾಗಿತ್ತು.

"ಮನುಷ್ಯರಲ್ಲಿ ಎರಡು ಥರ," ಎಂದು ಅವರು ಪಾಠ ಶುರುಮಾಡಿದರು. "ಬಹಿರ್ಮುಖಿಗಳಿಗೆ ಜನ ಬೇಕು, ಮಾತು ಬೇಕು. ಅಂತರ್ಮುಖಿಗಳು ತಮ್ಮ ಪಾಡಿಗೆ ತಾವಿರ್ತಾರೆ. ಕಾಯಿಲ್ ಸುತ್ತೋಕೆ ಅಂತರ್ಮುಖಿಗಳೇ ಸರಿ. ನಿಮ್ಮಲ್ಲಿ ಮೂವತ್ತೆಂಟು ಜನ ಬಹಿರ್ಮುಖಿಗಳು."

"ಉಳಿದಿಬ್ರು ಯಾರು?"

"ಪಾಪಮ್ಮ, ಮುನಿತಾಯಮ್ಮ."

ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಪಾಪಮ್ಮನ ಬಾಯಿ ಬೊಂಬಾಯಿ. ಅವಳು ಸುಮ್ಮನಿದ್ದದ್ದನ್ನು ಎಂಟು ತಿಂಗಳಲ್ಲಿ ಯಾರೂ ಕಂಡಿರಲಿಲ್ಲ.

"ಅವ್ರಿಬ್ರು ಏನು ಬರ್ದಿದಾರೆ?"

"ಏನೂ ಬರೆದಿಲ್ಲ. ಸಂಕೋಚದ ಸ್ವಭಾವ."

"ಸಂಕೋಚ ಅಲ್ಲ ಸಾರ್. ಓದು ಬರಲ್ಲ."

ಅವರ ಪೆನ್ನು ನಿಂತಿತು. ನಾನು ಮೇಜಿನ ಮೇಲಿದ್ದ ನನ್ನ ಹಾಳೆಯನ್ನು ಕೇಳದೆಯೇ ಎತ್ತಿಕೊಂಡೆ. ನಮ್ಮನ್ನೆಲ್ಲ ಮುಳುಗಿಸಿದ ಪ್ರಶ್ನೆ ಅಲ್ಲೇ ಇತ್ತು: 'ಒಂಟಿಯಾಗಿರಲು ನಿಮಗೆ ಇಷ್ಟವೇ?'

"ಇದನ್ನ ಕನ್ನಡಕ್ಕೆ ಮಾಡಿದ್ದು ಯಾರು?"

"ನಾನೇ."

"ನಿಮ್ಮ ತಾಯಿಗೆ ಒಂದ್ಸಲ ಓದಿ ಹೇಳ್ಬೇಕಿತ್ತು. ಒಂಟಿ ಹೆಂಗಸು ಅಂದ್ರೆ ಗಂಡ ಇಲ್ದೋಳು, ದಿಕ್ಕಿಲ್ದೋಳು. ಯಾವ ಹೆಂಗಸು ಕೈಯಾರೆ ಹೌದು ಅಂತ ಬರೀತಾಳೆ? ಅದೇನು ಸ್ವಭಾವ ಕೇಳಿದ ಹಾಗಾಯ್ತಾ, ಶಾಪ ಹಾಕಿದ ಹಾಗಾಯ್ತಾ?"

ಅವರ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಕನ್ನಡಕವಿಲ್ಲದ ಆ ಕಣ್ಣುಗಳು ಚೆನ್ನಾಗಿವೆ ಎಂದು ನನಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಕೋಪ ಇಮ್ಮಡಿಯಾಯಿತು. ಬಾಗಿಲನ್ನು ಜೋರಾಗಿ ಎಳೆದುಕೊಂಡು ಬಂದೆ.

ಮರುದಿನದಿಂದ ಅವರು ನಮ್ಮ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಯಾರನ್ನೂ ಏನೂ ಕೇಳಲಿಲ್ಲ, ನೋಡುತ್ತಿದ್ದರು. ನಾನು ಬೇಕೆಂದೇ ಬೆನ್ನು ಹಾಕಿ ಕೂತೆ. ಬೆನ್ನಿಗೂ ಕಣ್ಣಿರುತ್ತದೆ ಎಂದು ಆ ವಾರ ನನಗೆ ಗೊತ್ತಾಯಿತು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಎರಡು ಮಾರು ದೂರ ನಿಂತು ಅವರೇ ಮಾತು ತೆಗೆದರು. "ಇವತ್ತು ಮೂರು ಗಂಟೆ ಹೊತ್ತು ನೀವು ಒಂದು ಮಾತೂ ಆಡ್ಲಿಲ್ಲ."

"ಜಗಳ ಆಡೋಕೆ ಲಾಯಕ್ಕಾದೋರು ಹತ್ರ ಇರ್ಲಿಲ್ಲ."

"ನಾನಿದ್ನಲ್ಲ."

"ನೀವು ಪುಸ್ತಕ. ಪುಸ್ತಕದ ಜೊತೆ ಏನು ಜಗಳ?"

ಅವರು ನಗಲಿಲ್ಲ, ಆದರೆ ತುಟಿ ಒತ್ತಿಕೊಂಡರು. "ನೀವೂ ಅಂತರ್ಮುಖಿಯೇ. ನನ್ನ ಥರ. ಇಬ್ಬರು ಅಂತರ್ಮುಖಿಗಳು ಸೇರಿದ್ರೆ ಮೌನ ಇರ್ಬೇಕು ಅಂತ ಪುಸ್ತಕ ಹೇಳುತ್ತೆ. ನನ್ನ ಜನ್ಮದಲ್ಲಿ ನಾನು ಯಾರ ಹತ್ರಾನೂ ಇಷ್ಟು ಮಾತಾಡಿಲ್ಲ. ಇದು ಯಾಕೆ ಅಂತ ನಂಗೆ ಗೊತ್ತಾಗ್ತಾ ಇಲ್ಲ."

"ಸೇರಿದ್ರೆ ಅಂದ್ರಾ? ಯಾರು ಯಾರ ಜೊತೆ ಸೇರಿದ್ರು?"

ಬಸ್ಸು ಬಂತು. ನಾನು ಹೆಂಗಸರ ಸೀಟಿನಲ್ಲಿ ಕೂತು ಹಿಂದಿರುಗಿ ನೋಡದೆ ಹೋದೆ. ಆ ಮನುಷ್ಯನ ಮೇಲೆ ನನಗೆ ಮನಸ್ಸಾಗಿತ್ತು. ನನ್ನ ಅನ್ನ ಕಿತ್ತುಕೊಳ್ಳಲು ಬಂದವನ ಮೇಲೆ ಮನಸ್ಸಾಯಿತಲ್ಲ ಎಂದು ಅವತ್ತು ಅವ್ವನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಹದಿನೈದು ದಿನ ಕಳೆದು ಶನಿವಾರ ನೋಟೀಸು ಬೋರ್ಡಿಗೆ ಹಾಳೆ ಅಂಟಿಸಿದರು. ನಲವತ್ತು ಜನವೂ ಖಾಯಂ. ಪಾಪಮ್ಮ ಕುಣಿದಾಡಿದಳು. ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು, ಓದು ಬರುವವರು ಅದನ್ನೂ ಓದಿದೆವು: ಪರೀಕ್ಷೆಯನ್ನು ರದ್ದುಪಡಿಸಿದೆ, ಪರೀಕ್ಷಕರ ಸೇವೆ ಇಂದಿಗೆ ಕೊನೆ.

ಆದದ್ದೇನೆಂದು ಟೈಪಿಸ್ಟ್ ಹೇಳಿದಳು. ತಪ್ಪು ಹೆಂಗಸರದಲ್ಲ, ಪ್ರಶ್ನೆಯದು, ಪ್ರಶ್ನೆ ನನ್ನದು ಎಂದು ರೇವಣಸಿದ್ದಯ್ಯನವರೇ ಬರೆದುಕೊಟ್ಟಿದ್ದರಂತೆ. ಸುಮ್ಮನಿದ್ದರೆ ನಿಮ್ಮ ಕೆಲಸ ಉಳಿಯುತ್ತೆ ಎಂದು ಚಕ್ರಪಾಣಿಯವರು ಎರಡು ಸಲ ಹೇಳಿದರೂ ಕೇಳಲಿಲ್ಲವಂತೆ.

ಊಟದ ಡಬ್ಬಿ ಅಲ್ಲೇ ಬಿಟ್ಟು ಬಸ್ ಸ್ಟಾಪಿಗೆ ಓಡಿದೆ. ಪುಸ್ತಕಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

"ನಿಮ್ಮನ್ನ ಯಾರು ಕೇಳಿದ್ರು ಇದನ್ನ ಮಾಡಿ ಅಂತ?"

"ಯಾರೂ ಕೇಳ್ಲಿಲ್ಲ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಜಗಳ ಆಡ್ತಿದ್ರಿ."

"ಆಡ್ತಿದ್ದೆ. ಈಗ್ಲೂ ಆಡ್ತೀನಿ. ಎಲ್ಲಿಗೆ ಹೊರಟ್ರಿ?"

"ಮೈಸೂರಿಗೆ." ಪುಸ್ತಕದ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಅಂದರು, "ನಿಮ್ಮ ತಾಯಿ ಹತ್ರ ಯಾರನ್ನಾದ್ರೂ ಕಳಿಸ್ಬೇಕು ಅಂತಿದ್ದೆ. ಈಗ ಯಾವ ಮುಖ ಇಟ್ಕೊಂಡು ಕಳಿಸ್ಲಿ? ನಂಗೆ ಕೆಲಸ ಇಲ್ಲ."

"ನಂಗಿದೆಯಲ್ಲ," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಜನ ನಗ್ತಾರೆ ಸರ್ವಮಂಗಳ."

"ನಗ್ಲಿ. ನೀವು ನನ್ನ ಹೆಸರು ಹಿಡಿದು ಕರೆದಿದ್ದು ಇದೇ ಮೊದಲು. ಕರೆಯೋಕೆ ಧೈರ್ಯ ಬಂತಲ್ಲ, ಕಳಿಸೋಕೂ ಬರುತ್ತೆ."

ಮುಂದಿನ ಭಾನುವಾರ ಅವರ ದೊಡ್ಡಪ್ಪ ಕಾಮಾಕ್ಷಿಪಾಳ್ಯ ಹುಡುಕಿಕೊಂಡು ಬಂದರು. ಹುಡುಗನಿಗೆ ಸದ್ಯ ಕೆಲಸವಿಲ್ಲ ಎಂದು ಅವರು ತಗ್ಗಿದ ದನಿಯಲ್ಲಿ ಶುರುಮಾಡಿದಾಗ ಅವ್ವ ಕಾಫಿ ಲೋಟ ಮುಂದಿಟ್ಟಳು. ಆಮೇಲೆ ತನಗೂ ಒಂದು ಲೋಟ ಬಗ್ಗಿಸಿಕೊಂಡು, ಬಂದವರ ಎದುರಿಗೇ ಚಾಪೆಯ ಮೇಲೆ ಕೂತು ಕುಡಿಯುತ್ತಾ, "ಅದಕ್ಕೇನಂತೆ, ಮುಂದಕ್ಕೆ ಹೇಳಿ," ಎಂದಳು.